ಕಾರ್ಬನ್ ಫೈಬರ್ ಪೋಲ್‌ಗೆ ಅಲ್ಯುಮಿನಿಯಂ ತುದಿ ಕೂರಿಸುವುದು ಹೇಗೆ? ಒಳಗೋ ಹೊರಗೋ, ಬರೀ ಅಂಟೋ ಜೊತೆಗೆ ಪಿನ್ನೂ ಬೇಕೋ?

ಕತ್ತಲೆಹುಡುಕ:
ನಮಸ್ಕಾರ. 300 ಮಿ.ಮೀ. ಎಫ್/5 (ಫೋಕಲ್ ಉದ್ದ ವ್ಯಾಸದ ಐದು ಪಟ್ಟು) ಕನ್ನಡಿಗೆ ಟ್ರಸ್ ಡಾಬ್ಸೋನಿಯನ್, ಅಂದರೆ ದೊಡ್ಡ ಕೊಳವೆಯ ಬದಲು ಪೋಲ್‌ಗಳ ಚೌಕಟ್ಟಿರುವ ಟೆಲಿಸ್ಕೋಪ್ ಕಟ್ಟುತ್ತಿದ್ದೇನೆ. ಮಿರರ್ ಬಾಕ್ಸ್ (ಕೆಳಗೆ ಮುಖ್ಯ ಕನ್ನಡಿ ಕೂರುವ ಪೆಟ್ಟಿಗೆ), ರಾಕರ್ ಬಾಕ್ಸ್ (ಅದನ್ನು ಹೊತ್ತು ತಿರುಗುವ ಪೀಠ) ಎರಡೂ ತಯಾರಾಗಿವೆ. ಪೋಲ್‌ಗಳಿಗೆ ಎಂಟು ಕಾರ್ಬನ್ ಫೈಬರ್ ಟ್ಯೂಬ್ ಸಿಕ್ಕಿವೆ. ಹೊರವ್ಯಾಸ 25, ಒಳವ್ಯಾಸ 23, ಉದ್ದ 1100 ಮಿ.ಮೀ. ಎರಡೂ ತುದಿಗೆ ಅಲ್ಯುಮಿನಿಯಂ ತುಂಡು ಬೇಕು, ಅದರಲ್ಲಿ ಎಂ6 (6 ಮಿ.ಮೀ.) ಬೋಲ್ಟ್ ಕೂರಬೇಕು. ಪೋಲ್‌ಗಳ ಮೇಲ್ತುದಿಯಲ್ಲಿ ಎರಡನೇ ಕನ್ನಡಿಯನ್ನು ಹಿಡಿಯುವ ಚೌಕಟ್ಟು, ಅಂದರೆ ಸೆಕೆಂಡರಿ ಕೇಜ್, ಸುಮಾರು 3 ಕೆಜಿ ಇದೆ.

ನನ್ನ ಗೊಂದಲ ಇಷ್ಟು. ತುದಿಯನ್ನು ಟ್ಯೂಬಿನ ಒಳಗೆ ಪ್ಲಗ್ ತರಹ ಕೂರಿಸುವುದೋ, ಹೊರಗಿನಿಂದ ಟೋಪಿ ತರಹ ಹಾಕುವುದೋ? ಬರೀ ಎಪಾಕ್ಸಿ (ಎರಡು ಭಾಗ ಬೆರೆಸುವ ಅಂಟು) ಸಾಕಾ, ಅಡ್ಡ ಪಿನ್ ಅಥವಾ ರಿವಿಟ್ ಬೇಕಾ? ರಾತ್ರಿ ಕಾರ್ಯಕ್ರಮದ ಮಧ್ಯೆ ಒಂದು ತುದಿ ಕಿತ್ತು ಬಂದು ಕೇಜ್ ಹೋಗಿ ಕನ್ನಡಿ ಮೇಲೆ ಬಿದ್ದರೆ ಅಂತ ಯೋಚನೆ ಬಂದರೆ ನಿದ್ದೆ ಹತ್ತುವುದಿಲ್ಲ.

ಲೇತ್‌ಕೋಣೆ:
ಮೊದಲು ಆ ಭಯವನ್ನು ಲೆಕ್ಕ ಹಾಕಿ ನೋಡೋಣ. 23 ಮಿ.ಮೀ. ವ್ಯಾಸ, 30 ಮಿ.ಮೀ. ಉದ್ದದ ಪ್ಲಗ್ ಅಂದರೆ ಅಂಟು ಹಿಡಿಯುವ ಜಾಗ ಸುಮಾರು 2170 ಚದರ ಮಿ.ಮೀ. ಒಳ್ಳೆ ಎಪಾಕ್ಸಿ ಚೆನ್ನಾಗಿ ತಯಾರು ಮಾಡಿದ ಲೋಹದ ಮೇಲೆ ಪ್ರತಿ ಚದರ ಮಿ.ಮೀ.ಗೆ 25ರಿಂದ 30 ನ್ಯೂಟನ್ ತಡೆಯುತ್ತದೆ. ನೀವು ಅಷ್ಟು ನಂಬಬೇಡಿ, 5 ಅಂತಲೇ ಹಿಡಿಯಿರಿ. ಆಗಲೂ ಹತ್ತು ಸಾವಿರ ನ್ಯೂಟನ್ ದಾಟುತ್ತದೆ, ಅಂದರೆ ಒಂದು ಟನ್ನಿಗಿಂತ ಜಾಸ್ತಿ.

ಈಗ ನಿಮ್ಮ ಪೋಲ್ ಮೇಲೆ ಬೀಳುವ ಭಾರ ಎಷ್ಟು? ಟೆಲಿಸ್ಕೋಪ್ ಪೂರ್ತಿ ಮಲಗಿ ದಿಗಂತ ನೋಡುವಾಗ 3 ಕೆಜಿ ಕೇಜನ್ನು ಮುಖ್ಯವಾಗಿ ಹೊರುವುದು ಎಡ ಬಲದ ಎರಡು ತ್ರಿಕೋನಗಳು. ಮಿರರ್ ಬಾಕ್ಸ್ ಅಗಲ 350 ಅಂತ ಹಿಡಿದರೆ ಆ ತ್ರಿಕೋನದ ಒಂದೊಂದು ಪೋಲಿಗೆ ಬರುವುದು ಸುಮಾರು 50 ನ್ಯೂಟನ್. ಒಂದಕ್ಕೆ ಎಳೆತ, ಇನ್ನೊಂದಕ್ಕೆ ಒತ್ತಡ. ಅಷ್ಟೇ. ಸುಮಾರು 5 ಕೆಜಿ ಭಾರ.

ಹಾಗಾಗಿ ಅಂಟಿನ ತಾಕತ್ತಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಅಂಟು ಜಾಸ್ತಿ ಗಟ್ಟಿ ಅಂತ ಜನ ಪುಟಗಟ್ಟಲೆ ವಾದ ಮಾಡುತ್ತಾರೆ, ಆದರೆ ತುದಿ ಕಿತ್ತು ಬರುವುದು ಅಂಟಿಗೆ ತಾಕತ್ತು ಸಾಲದೆ ಅಲ್ಲ. ಅದು ಲೋಹಕ್ಕೆ ಸರಿಯಾಗಿ ಹಿಡಿದೇ ಇರುವುದಿಲ್ಲ, ಅಥವಾ ಒಳಗೆ ಅಂಟೇ ಇರುವುದಿಲ್ಲ. ಎರಡೂ ಕೂರಿಸುವ ಹೊತ್ತಿಗೇ ಆಗುವ ತಪ್ಪುಗಳು.

ಪ್ಲಗ್ಗನ್ನು ಒಳಗೇ ಹಾಕಿ. ಹೊರವ್ಯಾಸ 22.7 ಇಟ್ಟುಕೊಳ್ಳಿ, ಸುತ್ತ 0.15 ಮಿ.ಮೀ. ಸಂದು ಸಿಗುತ್ತದೆ. ಬಿಗಿಯಾಗಿ ಕೂರಲಿ ಅಂತ 22.95 ಮಾಡಿಸಿದರೆ ಪ್ಲಗ್ ಒಳಗೆ ಹೋಗುವಾಗ ಅಂಟನ್ನೆಲ್ಲ ಒರೆಸಿಕೊಂಡು ಮುಂದಕ್ಕೆ ತಳ್ಳುತ್ತದೆ, ಕೊನೆಗೆ ಉಳಿಯುವುದು ಲೋಹಕ್ಕೆ ತಾಗಿದ ಒಣ ಕಾರ್ಬನ್. ಲೇತ್ ಕೆಲಸ ಮಾಡುವವರಿಗೆ ಈ ಸಡಿಲ ಫಿಟ್ ಹೇಳಿದರೆ ನಂಬುವುದೇ ಇಲ್ಲ, ಡ್ರಾಯಿಂಗಲ್ಲಿ ಬರೆದು ಕೊಡಿ. ಎಂಟೂ ಟ್ಯೂಬಿನ ಎರಡೂ ಬಾಯಿಯ ಒಳವ್ಯಾಸ ಬೇರೆ ಬೇರೆಯಾಗಿ ಅಳೆಯಿರಿ, 23 ಅಂತ ಹೇಳಿದ್ದು ಎಲ್ಲ ಕಡೆ 23 ಇರುವುದಿಲ್ಲ.

ಸೈಕಲ್‌ಚೈನು:
ಒಂದು ಮಾತು ಮಧ್ಯೆ. ಅಲ್ಯುಮಿನಿಯಂ ಮತ್ತು ಕಾರ್ಬನ್ ನೇರವಾಗಿ ತಾಗಿ ತೇವ ಸೇರಿದರೆ ಮಧ್ಯೆ ಸಣ್ಣಗೆ ಕರೆಂಟ್ ಹರಿದು ಅಲ್ಯುಮಿನಿಯಂ ತುಕ್ಕು ಹಿಡಿದು ಕೊರೆದುಹೋಗುತ್ತದೆ. 1980, 90ರ ದಶಕದಲ್ಲಿ ಕಾರ್ಬನ್ ಟ್ಯೂಬುಗಳನ್ನು ಅಲ್ಯುಮಿನಿಯಂ ಲಗ್‌ಗಳಿಗೆ ಅಂಟಿಸಿ ಮಾಡಿದ ಸೈಕಲ್ ಫ್ರೇಮುಗಳು ಬಂದವು. ಬೆವರು, ಮಳೆ ನೀರು ಸಂದಿಗೆ ಇಳಿದು ಕೀಲು ಬಿಟ್ಟುಕೊಂಡ ಫ್ರೇಮುಗಳನ್ನು ರಿಪೇರಿ ಮಾಡುವವರು ಚೆನ್ನಾಗಿ ಬಲ್ಲರು. ಕೀಲು ತೆಗೆದು ನೋಡಿದರೆ ಲೋಹದ ಮೇಲೆ ಬಿಳಿ ಪುಡಿ ಇರುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಗ ಜಾಸ್ತಿ ಬೇಕು, ಅದು ಅಂಟನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಅಂಟು ಎಷ್ಟೇ ಗಟ್ಟಿಯಾಗಿದ್ದರೂ ಇದರ ಮುಂದೆ ನಡೆಯುವುದಿಲ್ಲ.

ಕತ್ತಲೆಹುಡುಕ:
ಸೈಕಲ್ ಮಳೆಯಲ್ಲಿ ಓಡುತ್ತದೆ, ಬೆವರಿನ ಉಪ್ಪೂ ಬೀಳುತ್ತದೆ ಸಾರ್. ಟೆಲಿಸ್ಕೋಪ್ ಒಣ ರಾತ್ರಿಯಲ್ಲಿ ಮಾತ್ರ ಹೊರಗೆ ಬರುವುದು. ಅಷ್ಟೊಂದು ಯೋಚನೆ ಬೇಕಾ?

ಸೈಕಲ್‌ಚೈನು:
ಇಬ್ಬನಿ ಮರೆತಿರಾ? ಕಪ್ಪು ಟ್ಯೂಬು ತೆರೆದ ಆಕಾಶಕ್ಕೆ ಶಾಖ ಬಿಟ್ಟುಕೊಡುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೋಡ ಇಲ್ಲದ, ಗಾಳಿ ಬೀಸದ ರಾತ್ರಿ, ಅಂದರೆ ನೀವು ಹೊರಗೆ ಇರುವ ರಾತ್ರಿಯೇ, ಪೋಲ್ ಮೇಲೆ ನೀರು ಹರಿಯುವಷ್ಟು ಇಬ್ಬನಿ ಬೀಳುತ್ತದೆ. ಆಮೇಲೆ ಹಾಗೇ ಚೀಲಕ್ಕೆ ತುರುಕಿ ಮನೆಗೆ ತರುತ್ತೀರಿ. ಸೈಕಲ್ಲಿನಷ್ಟು ಬೇಗ ಹಾಳಾಗುವುದಿಲ್ಲ, ಒಪ್ಪಿದೆ. ಆದರೆ ಹತ್ತು ಹದಿನೈದು ವರ್ಷ ಬಾಳಲಿ ಅಂತ ತಾನೇ ಕಟ್ಟುತ್ತಿರುವುದು?

ರಾಳದಕೈ:
ಇಬ್ಬರೂ ಹೇಳಿದ್ದು ಸರಿ. ಎರಡಕ್ಕೂ ಮದ್ದು ಒಂದೇ: ಲೋಹ ಮತ್ತು ಕಾರ್ಬನ್ ಮಧ್ಯೆ ಎಲ್ಲೂ ತಾಗದ ಹಾಗೆ ಒಂದೇ ದಪ್ಪದ ಅಂಟಿನ ಪದರ. ಅದೇ ಕರೆಂಟ್ ತಡೆಯುವುದು, ಅದೇ ಭಾರ ಹೊರುವುದು. ಪ್ಲಗ್ ಒಂದು ಕಡೆಗೆ ವಾಲಿ ಕಾರ್ಬನ್ನಿಗೆ ತಾಗಿ ಕೂತರೆ ಎರಡೂ ಕೆಟ್ಟಿತು.

ದಪ್ಪ ಕಾಯಲು ಸುಲಭ ದಾರಿ ಅಂದರೆ ಎಪಾಕ್ಸಿಗೆ ಚಿಟಿಕೆ ಗಾಜಿನ ಮಣಿ ಬೆರೆಸುವುದು. 0.1 ಮಿ.ಮೀ. ಆಸುಪಾಸಿನ ಪುಟಾಣಿ ಮಣಿಗಳು ಇದಕ್ಕೆಂದೇ ಸಿಗುತ್ತವೆ. ಸಿಗದಿದ್ದರೆ ತೆಳು ಮೀನುಗಾಳದ ನೈಲಾನ್ ದಾರವನ್ನು ಪ್ಲಗ್ ಸುತ್ತ ಎರಡು ಕಡೆ ಉದ್ದುದ್ದಕ್ಕೆ ಸುರುಳಿ ಹಾಕಿ. ದಾರ 0.12 ಇದ್ದರೆ 0.15ರ ಸಂದಿಯಲ್ಲಿ ಸಲೀಸಾಗಿ ಕೂರುತ್ತದೆ, ಪ್ಲಗ್ ತಾನಾಗೇ ಮಧ್ಯಕ್ಕೆ ಬರುತ್ತದೆ. ಇನ್ನೂ ಭದ್ರ ಬೇಕಾದರೆ ಪ್ಲಗ್ಗನ್ನು ಇನ್ನೊಂದಿಷ್ಟು ಸಣ್ಣದು ಮಾಡಿಸಿ, ತೆಳು ಗಾಜಿನ ಬಟ್ಟೆ ಒಂದು ಸುತ್ತು ಎಪಾಕ್ಸಿಯಲ್ಲಿ ಅದ್ದಿ ಸುತ್ತಿ. ವಿಮಾನದಲ್ಲಿ ಕಾರ್ಬನ್ನಿಗೆ ಅಲ್ಯುಮಿನಿಯಂ ಸೇರುವ ಕಡೆ ಮಾಡುವುದೂ ಇದನ್ನೇ, ಮಧ್ಯೆ ಗಾಜಿನ ಪದರ.

ಆನೋಡೈಸ್ (ಕರೆಂಟ್ ಹಾಯಿಸಿ ಲೋಹದ ಮೇಲೆ ಗಟ್ಟಿ ಆಕ್ಸೈಡ್ ಪದರ ಕಟ್ಟಿಸುವುದು) ಮಾಡಿಸಲೇ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬಣ್ಣ ಹಾಕಿ ಸೀಲ್ ಮಾಡಿದ ಮಾಮೂಲಿ ಆನೋಡೈಸಿಂಗ್ ಮೇಲೆ ಅಂಟು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಹಿಡಿಯಲಿ ಅಂತ ಅದನ್ನು ಉಜ್ಜಿದರೆ ಆನೋಡೈಸಿಂಗ್ ಮಾಡಿಸಿದ್ದೇ ದಂಡ. ಹೊರಗೆ ಕಾಣುವ ಭಾಗಕ್ಕೆ ಬೇಕಾದರೆ ಮಾಡಿಸಿ, ಅಂಟು ಹಾಕುವ ಭಾಗ ಬರಿ ಲೋಹವಾಗಿರಲಿ.

ಮೂರನೇಮಹಡಿ:
ನಾನು ಕೇಳಬಾರದ್ದು ಕೇಳುತ್ತೇನೆ. ಇಷ್ಟೆಲ್ಲ ಪಾಡು ಯಾಕೆ ಮಾರಾಯ್ರೇ? ಅಲ್ಯುಮಿನಿಯಂ ಟ್ಯೂಬಿಗೆ ಅಲ್ಯುಮಿನಿಯಂ ಪ್ಲಗ್ ಬಡಿದು ಒಂದು ಸ್ಕ್ರೂ ಹಾಕಿದರೆ ಮುಗಿಯಿತು, ತುಕ್ಕೂ ಇಲ್ಲ ಗಾಜಿನ ಮಣಿಯೂ ಇಲ್ಲ. ಕಣ್ಣಿನಿಂದ ನೋಡುವ ಟೆಲಿಸ್ಕೋಪಿಗೆ ಕಾರ್ಬನ್ ಅನ್ನುವುದು ಬರೀ ಶೋಕಿ ಅಲ್ವಾ?

ಲೇತ್‌ಕೋಣೆ:
ಕಣ್ಣಿಗೆ ಮಾತ್ರವಾದರೆ ಅರ್ಧ ಒಪ್ಪುತ್ತೇನೆ. ಅಲ್ಯುಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ 23 ಮೈಕ್ರಾನ್ ಹಿಗ್ಗುತ್ತದೆ. 1100 ಮಿ.ಮೀ. ಪೋಲ್, ರಾತ್ರಿ 10 ಡಿಗ್ರಿ ಇಳಿದರೆ ಕಾಲು ಮಿ.ಮೀ. ಕುಗ್ಗಿತು. ಎಫ್/5ರಲ್ಲಿ ಫೋಕಸ್ ಚೊಕ್ಕವಾಗಿರುವ ವಲಯ ಸುಮಾರು 0.06 ಮಿ.ಮೀ. ಮಾತ್ರ. ಕಣ್ಣಿಟ್ಟು ನೋಡುವವರು ಫೋಕಸರ್ ಒಂಚೂರು ತಿರುಗಿಸುತ್ತಾರೆ, ಗಮನಕ್ಕೂ ಬರುವುದಿಲ್ಲ. ಕ್ಯಾಮೆರಾ ಇಟ್ಟವರಿಗೆ ನಕ್ಷತ್ರಗಳೆಲ್ಲ ಊದಿಕೊಂಡಿರುತ್ತವೆ. ಕಾರ್ಬನ್ ಟ್ಯೂಬ್ ನಾರಿನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹಬಲ್ ಟೆಲಿಸ್ಕೋಪಿನ ಎರಡು ಕನ್ನಡಿಗಳನ್ನು ಹಿಡಿದಿರುವ ಟ್ರಸ್ಸು ಗ್ರಾಫೈಟ್ ಎಪಾಕ್ಸಿಯದ್ದಾಗಿರುವುದು (ಅಂದರೆ ಕಾರ್ಬನ್ ನಾರಿನದ್ದೇ) ಇದಕ್ಕೇ. ಬಿಸಿಲಿಗೂ ನೆರಳಿಗೂ ಹೋಗಿ ಬರುವ ಅದರ ಪಾಡು ನಮ್ಮದಕ್ಕಿಂತ ದೊಡ್ಡದು ಬಿಡಿ.

ತೂಕದ ಮಾತಿಗೆ ಬಂದರೆ, ಇದೇ ಅಳತೆಯ ಎಂಟು ಪೋಲ್ ಅಲ್ಯುಮಿನಿಯಂನಲ್ಲಿ 1.8 ಕೆಜಿ, ಕಾರ್ಬನ್ನಲ್ಲಿ ಒಂದು ಕೆಜಿ ಚಿಲ್ಲರೆ. ಮೇಲ್ಗಡೆ ಉಳಿದ ತೂಕಕ್ಕೆ ಕೆಳಗಡೆ ಸಮತೋಲನದ ಭಾರವೂ ಕಡಿಮೆಯಾಗುತ್ತದೆ. ದೊಡ್ಡ ಲಾಭ ಅಂತ ಹೇಳಲಾರೆ. ಆದರೆ ಅವರ ಹತ್ತಿರ ಟ್ಯೂಬ್ ಆಗಲೇ ಬಂದು ಕೂತಿದೆ!

ಮೂರನೇಮಹಡಿ:
ಸರಿ, ಬಾಯಿ ಮುಚ್ಚಿದೆ. ಆದರೆ ತುದಿಯ ಅಲ್ಯುಮಿನಿಯಂ ಹಿಗ್ಗುತ್ತದಲ್ಲ, ಅದರ ಲೆಕ್ಕ ಎಲ್ಲಿ?

ಲೇತ್‌ಕೋಣೆ:
ಒಂದು ಪೋಲಿಗೆ ಎರಡೂ ತುದಿ ಸೇರಿ 80 ಮಿ.ಮೀ. ಲೋಹ ಅಂದುಕೊಳ್ಳಿ. 10 ಡಿಗ್ರಿಗೆ 0.018 ಮಿ.ಮೀ. ಅದರಲ್ಲೂ ಪ್ಲಗ್ಗಿನ ಒಳಗಿರುವ ಭಾಗ ಟ್ಯೂಬಿಗೆ ಅಂಟಿಕೊಂಡಿರುವುದರಿಂದ ಉದ್ದಕ್ಕೆ ಲೆಕ್ಕಕ್ಕೆ ಬರುವುದು ಹೊರಗೆ ಚಾಚಿದ ಭಾಗ ಮಾತ್ರ. ಬಿಟ್ಟುಬಿಡಿ.

ಅಡ್ಡಕ್ಕೆ ಹಿಗ್ಗುವುದು ಬೇರೆ ಕಥೆ. ಪ್ಲಗ್ ಒಳಗಿದ್ದರೆ ಚಳಿಯಲ್ಲಿ ಅದು ಕುಗ್ಗಿ ಅಂಟನ್ನು ಟ್ಯೂಬಿನಿಂದ ಒಳಕ್ಕೆ ಎಳೆಯುತ್ತದೆ. ಹೊರಗಿನ ಟೋಪಿಯಾದರೆ ಕುಗ್ಗಿ ಇನ್ನೂ ಬಿಗಿಯಾಗುತ್ತದೆ. ಆ ದೃಷ್ಟಿಯಿಂದ ಟೋಪಿಯೇ ವಾಸಿ ಅನ್ನುವವರಿದ್ದಾರೆ. 30 ಡಿಗ್ರಿ ವ್ಯತ್ಯಾಸಕ್ಕೆ ನಿಮ್ಮ ಪ್ಲಗ್ಗಿನ ವ್ಯಾಸ ಬದಲಾಗುವುದು 0.016 ಮಿ.ಮೀ. 0.02 ಮಿ.ಮೀ. ತೆಳು ಅಂಟಿಗೆ ಅದು ದೊಡ್ಡ ಎಳೆತ. 0.15 ಮಿ.ಮೀ. ಅಂಟಿಗೆ ಅದರ ಏಳನೇ ಒಂದು ಪಾಲು. ಸಡಿಲ ಫಿಟ್ ಬೇಕು ಅಂದಿದ್ದಕ್ಕೆ ಇದು ಇನ್ನೊಂದು ಕಾರಣ. ಪ್ಲಗ್ಗನ್ನು ಗಟ್ಟಿ ತುಂಡಾಗಿ ಬಿಡದೆ ಒಳಗಿನ ತುದಿಯಿಂದ ಬಟ್ಟಲಿನ ಹಾಗೆ ಕೊರೆಸಿ, ಅಂಚು 1 ಮಿ.ಮೀ. ದಪ್ಪಕ್ಕೆ ಇಳಿಯಲಿ. ತೆಳು ಅಂಚು ಟ್ಯೂಬಿನ ಜೊತೆ ಒಂಚೂರು ಬಾಗುತ್ತದೆ. ಅಂಟಿನ ಕೀಲಿನಲ್ಲಿ ಒತ್ತಡ ಎರಡು ಕೊನೆಗಳಲ್ಲೇ ಜಾಸ್ತಿ, ಅಲ್ಲಿ ಲೋಹ ತೆಳುವಾಗುತ್ತಾ ಹೋದರೆ ಒತ್ತಡ ಹಂಚಿಹೋಗುತ್ತದೆ. ತೂಕವೂ ಉಳಿಯಿತು. ಪ್ಲಗ್ ಉದ್ದ ವ್ಯಾಸದ ಒಂದು ಒಂದೂವರೆ ಪಟ್ಟು ಸಾಕು, 60 ಮಿ.ಮೀ. ಮಾಡಿಸಿದರೆ ಮಧ್ಯದ ಅಂಟು ಸುಮ್ನೆ ಕೂತಿರುತ್ತದೆ.

ರಾಳದಕೈ:
ಇದಕ್ಕೆ ಒಂದು ಸೇರಿಸಬೇಕು. ಟ್ಯೂಬ್ ಯಾವ ಬಗೆಯದು ಅಂತ ನೋಡಿ. ಎಲ್ಲ ನಾರೂ ಉದ್ದಕ್ಕೇ ಇರುವ, ಅಚ್ಚಿನಿಂದ ಎಳೆದು ಮಾಡಿದ ಅಗ್ಗದ ಟ್ಯೂಬಾದರೆ ಅಡ್ಡಕ್ಕೆ ಅದು ಅಲ್ಯುಮಿನಿಯಂನಷ್ಟೇ ಹಿಗ್ಗುತ್ತದೆ. ಹಾಗಾಗಿ ಮೇಲಿನ ಜಗಳವೇ ಇಲ್ಲ, ಆದರೆ ಅದು ಬಿದಿರಿನ ಹಾಗೆ ಉದ್ದಕ್ಕೆ ಸೀಳುತ್ತದೆ. ಒಳಗೆ ಪ್ಲಗ್ಗನ್ನು ಬಡಿದು ಕೂರಿಸಿದರಂತೂ ಸೀಳಿದ್ದೇ. ಅಂಥದ್ದಕ್ಕೆ ತುದಿಯ ಹೊರಗೆ ಎಪಾಕ್ಸಿ ಹಚ್ಚಿದ ಗಾಜಿನ ಅಥವಾ ಕಾರ್ಬನ್ ನೂಲು 20 ಮಿ.ಮೀ.ನಷ್ಟು ಒತ್ತಾಗಿ ಸುತ್ತಿಬಿಡಿ. ಹಾಳೆ ಸುತ್ತಿ ಮಾಡಿದ ಟ್ಯೂಬಾದರೆ ಅಡ್ಡ ನಾರೂ ಇರುತ್ತದೆ, ಸೀಳುವುದಿಲ್ಲ.

ಇನ್ನು ಮೇಲ್ಮೈ. ಇದರಲ್ಲಿ ಸೋಮಾರಿತನ ಮಾಡಿದವರು ಬೇರೆಲ್ಲ ಸರಿ ಮಾಡಿಯೂ ಉಪಯೋಗವಿಲ್ಲ. ಟ್ಯೂಬ್ ಮಾಡುವಾಗ ಒಳಗಿನ ಉಕ್ಕಿನ ಸಲಾಕೆಯಿಂದ ಸಲೀಸಾಗಿ ಜಾರಿ ಬರಲಿ ಅಂತ ಮೇಣದಂಥ ಬಿಡಿಸುವ ದ್ರವ ಹಚ್ಚಿರುತ್ತಾರೆ. ಅದು ಒಳಗೋಡೆಗೆ ಮೆತ್ತಿಕೊಂಡೇ ಬಂದಿರುತ್ತದೆ. ಕಣ್ಣಿಗೆ ಕಾಣದು. ಅಂಟು ಹಿಡಿಯಬಾರದು ಅಂತಲೇ ಮಾಡಿದ ದ್ರವ ಅದು! ಹಾಗಾಗಿ ಮೊದಲು ಬಟ್ಟೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ತೆಗೆದುಕೊಂಡು ಒರೆಸಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಮೇಣವನ್ನು ಗೀರುಗಳ ಒಳಗೆ ತುಂಬಿದ ಹಾಗಾಗುತ್ತದೆ. ಕಡ್ಡಿಗೆ 180ರ ಎಮರಿ ಪೇಪರ್ ಸುತ್ತಿ ಒಳಗೆ ತಿರುಗಿಸುತ್ತಾ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ, ನಾರು ಕಿತ್ತು ಬರುವಷ್ಟಲ್ಲ. ಮತ್ತೆ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ.

ಅಲ್ಯುಮಿನಿಯಂ ಪ್ಲಗ್ಗನ್ನೂ ಹಾಗೇ ಒರೆಸಿ, ಉಜ್ಜಿ, ಒರೆಸಿ. ಆಮೇಲೆ ಮೇಲೆ ಶುದ್ಧ ನೀರು ಹಾಕಿ ನೋಡಿ. ನೀರು ಹಾಳೆಯ ಹಾಗೆ ಹರಡಿ ನಿಂತರೆ ಶುದ್ಧವಾಗಿದೆ, ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಒಣಗಿಸಿ ತಕ್ಷಣ ಅಂಟು ಹಾಕಿ. ಉಜ್ಜಿದ ಅಲ್ಯುಮಿನಿಯಂ ಗಾಳಿಗೆ ಕೂಡಲೇ ಆಕ್ಸೈಡ್ ಕಟ್ಟಿಕೊಳ್ಳುತ್ತದೆ, ಈವತ್ತು ಉಜ್ಜಿ ನಾಳೆ ಅಂಟಿಸುವುದು ಬೇಡ. ನಾನಾದರೆ ಪ್ಲಗ್ಗಿಗೆ ತೆಳುವಾಗಿ ಎಪಾಕ್ಸಿ ಸವರಿ, ಆ ಹಸಿ ಎಪಾಕ್ಸಿಯಲ್ಲೇ ಇನ್ನೊಮ್ಮೆ ಎಮರಿ ಪೇಪರಿನಿಂದ ಉಜ್ಜುತ್ತೇನೆ, ಹೊಸ ಲೋಹ ಗಾಳಿ ನೋಡುವ ಮೊದಲೇ ಎಪಾಕ್ಸಿ ನೋಡುತ್ತದೆ. ಕೈಗವಸು ಹಾಕಿಕೊಳ್ಳಿ, ಬೆರಳಿನ ಜಿಡ್ಡೂ ಜಿಡ್ಡೇ, ಎಪಾಕ್ಸಿ ಚರ್ಮಕ್ಕೂ ಒಳ್ಳೆಯದಲ್ಲ.

ಕತ್ತಲೆಹುಡುಕ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೈ ಮುಗಿದೆ ಗುರುಗಳೇ. ಯಾವ ಎಪಾಕ್ಸಿ? ನನ್ನ ಹತ್ತಿರ ಐದು ನಿಮಿಷದ್ದು ಇದೆ.

ರಾಳದಕೈ:
ಅದನ್ನು ಆಟಿಕೆ ಅಂಟಿಸಲು ಇಟ್ಟುಕೊಳ್ಳಿ. ಐದು ನಿಮಿಷದ್ದು ಪೆಡಸು, ತೇವಕ್ಕೂ ಬಿಸಿಗೂ ಬೇಗ ಸೋಲುತ್ತದೆ. ಜೊತೆಗೆ ಪ್ಲಗ್ ನೇರ ಮಾಡುವಷ್ಟರಲ್ಲೇ ಗಟ್ಟಿಯಾಗಿರುತ್ತದೆ. ನಿಧಾನದ, ಸ್ವಲ್ಪ ಬಾಗುವ ಗುಣದ, ಭಾರ ಹೊರುವ ಕೀಲುಗಳಿಗೆಂದೇ ಮಾಡಿದ (ಸ್ಟ್ರಕ್ಚರಲ್) ಎಪಾಕ್ಸಿ ತೆಗೆದುಕೊಳ್ಳಿ. 3ಎಂ ಡಿಪಿ420, ಅರಾಲ್ಡೈಟ್ 2011, ಇವೆಲ್ಲ ಆ ಗುಂಪಿನವು. ಡಿಪಿ420ಗೆ ಇಪ್ಪತ್ತು ನಿಮಿಷ ಸಮಯ ಸಿಗುತ್ತದೆ, 2011 ಅದಕ್ಕಿಂತ ಎಷ್ಟೋ ಜಾಸ್ತಿ. ಕಣ್ಣಂದಾಜಿನಲ್ಲಿ ಬೆರೆಸಬೇಡಿ. ಅಳತೆ ಗಾತ್ರದಲ್ಲೋ ತೂಕದಲ್ಲೋ ಅಂತ ಡಬ್ಬಿಯ ಮೇಲೆ ಓದಿ, ಎರಡೂ ಒಂದೇ ಅಲ್ಲ. ಬೆರೆಸುವ ನಳಿಗೆ ಇದ್ದರೆ ಮೊದಲು ಬರುವ ಒಂದು ಹನಿ ಎಸೆಯಿರಿ.

ಹಾಕುವಾಗ ಪ್ಲಗ್ಗಿಗಿಂತ ಟ್ಯೂಬಿನ ಒಳಗೆ ಜಾಸ್ತಿ ಹಚ್ಚಿ. ಪ್ಲಗ್ಗಿಗೆ ಹಚ್ಚಿದ್ದನ್ನು ಟ್ಯೂಬಿನ ಬಾಯಿ ಒರೆಸಿ ಹೊರಗೆ ಹಾಕುತ್ತದೆ. ಒಳಗೆ ಹಚ್ಚಿದ್ದು ಪ್ಲಗ್ಗಿನ ಜೊತೆ ಸಂದಿಗೆ ಹೋಗುತ್ತದೆ. ತಿರುಗಿಸುತ್ತಾ ತಳ್ಳಿ.

ಮಿರರ್‌ಅಜ್ಜ:
ಇಷ್ಟು ಹೊತ್ತು ಓದುತ್ತಿದ್ದೆ, ಗಾಳಿಯ ವಿಷಯ ಯಾರೂ ಎತ್ತಲೇ ಇಲ್ಲವಲ್ಲ. ಮೊದಲನೇ ತುದಿ ಸಲೀಸಾಗಿ ಕೂರುತ್ತದೆ, ಟ್ಯೂಬಿನ ಇನ್ನೊಂದು ಬಾಯಿ ತೆರೆದಿರುತ್ತದೆ. ಎರಡನೇ ತುದಿ ತಳ್ಳುವಾಗ ಒಳಗಿನ ಗಾಳಿಗೆ ದಾರಿ ಇಲ್ಲ. ತಳ್ಳಿ ಬಿಟ್ಟರೆ ಪ್ಲಗ್ ಮೆಲ್ಲಗೆ ಹಿಂದಕ್ಕೆ ಬರುತ್ತದೆ, ಇಲ್ಲವೇ ಗಾಳಿ ಅಂಟನ್ನು ಸೀಳಿಕೊಂಡು ಒಂದು ಸುರಂಗ ಮಾಡಿಕೊಂಡು ಹೊರಡುತ್ತದೆ. ಸುರಂಗ ಹೊರಗಿನಿಂದ ಕಾಣುವುದಿಲ್ಲ. ಆಮೇಲೆ ಇಬ್ಬನಿ ನೀರು ಒಳಗೆ ಹೋಗುವುದು ಅದೇ ದಾರಿಯಲ್ಲಿ. ರಾತ್ರಿ ಅಂಟು ಗಟ್ಟಿಯಾಗುವಾಗ ಕೋಣೆಯ ಬಿಸಿ ಹೆಚ್ಚಿದರೂ ಅದೇ ಕಥೆ, ಒಳಗಿನ ಗಾಳಿ ಹಿಗ್ಗಿ ಪ್ಲಗ್ಗನ್ನು ತಳ್ಳುತ್ತದೆ.

ಪ್ಲಗ್ಗಿನಲ್ಲಿ ಎಂ6 ತೂತಿನ ಪಕ್ಕ 2 ಮಿ.ಮೀ. ತೂತು ಒಂದು ಆರುಪಾರು ಹೊಡೆಸಿ. ಅದನ್ನು ಆಮೇಲೂ ಮುಚ್ಚಬೇಡಿ. ಒಳಗೆ ಹನಿಗಟ್ಟಿದ ನೀರು ಹೊರಬರಲು ದಾರಿ ಇರಲಿ.

ಕತ್ತಲೆಹುಡುಕ:
ಅಜ್ಜಾ, ಎಂ6 ತೂತೇ ಆರುಪಾರು ಇದ್ದರೆ ಅದರಲ್ಲೇ ಗಾಳಿ ಹೋಗುವುದಿಲ್ಲವಾ?

ಮಿರರ್‌ಅಜ್ಜ:
ಹೋಗುತ್ತದೆ, ಜೊತೆಗೆ ಅಂಟೂ ಥ್ರೆಡ್ಡಿಗೆ ಬರುತ್ತದೆ. ಜಿಗ್‌ನಲ್ಲಿ ಬೋಲ್ಟ್ ಹಾಕಿ ಹಿಡಿಯಬೇಕಲ್ಲ, ಆಗ ಅದೂ ಮುಚ್ಚಿತು. ಆ ಬೋಲ್ಟಿಗೆ ಮೇಣ ಸವರಿರಿ, ಇಲ್ಲದಿದ್ದರೆ ಜಿಗ್ ಸಮೇತ ಟೆಲಿಸ್ಕೋಪ್ ಆದೀತು.

ಕತ್ತಲೆಹುಡುಕ:
ಜಿಗ್ ಅಂದರೆ? ಟ್ಯೂಬುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದರೆ ಸಾಲದಾ?

ಲೇತ್‌ಕೋಣೆ:
ಕೈಯಲ್ಲಿ ಕತ್ತರಿಸಿ ಎಂಟನ್ನೂ 0.2 ಮಿ.ಮೀ. ಒಳಗೆ ತರುವುದು ಕಷ್ಟ. ಅಂಟಿನ ಸಂದಿಯೇ ಆ ತಪ್ಪನ್ನು ನುಂಗುವ ಹಾಗೆ ಮಾಡಿ. ಬಾಗದ ಒಂದು ದಪ್ಪ ಹಲಗೆ ಅಥವಾ ಚೌಕ ಪೈಪಿನ ಮೇಲೆ ಎರಡು ಗಟ್ಟಿ ಬ್ಲಾಕ್, ಒಂದೊಂದರಲ್ಲಿ ಒಂದು ಬೋಲ್ಟ್, ಮಧ್ಯದ ಅಂತರ ನಿಮಗೆ ಬೇಕಾದ ಪೋಲ್ ಉದ್ದ. ಮೊದಲು ಎಂಟೂ ಟ್ಯೂಬಿನ ಒಂದು ತುದಿ ಅಂಟಿಸಿ ಒಣಗಲು ಬಿಡಿ. ಆಮೇಲೆ ಎರಡನೇ ತುದಿಯನ್ನು ಜಿಗ್‌ನಲ್ಲಿ, ಒಂದಾದ ಮೇಲೆ ಒಂದು. ಎಂಟಕ್ಕೂ ಒಂದೇ ಜಿಗ್, ಹಾಗಾಗಿ ಉದ್ದ 1100 ಬದಲು 1100.7 ಆದರೂ ಚಿಂತೆಯಿಲ್ಲ, ಎಂಟೂ ಅದೇ 1100.7 ಇರುತ್ತವೆ. ಬೇಕಾಗಿರುವುದು ಅಷ್ಟೇ. 350 ಮಿ.ಮೀ. ಅಗಲದಲ್ಲಿ ಒಂದು ಕಡೆ 0.1 ಮಿ.ಮೀ. ಹೆಚ್ಚುಕಡಿಮೆಯಾದರೆ ಕೇಜ್ ಒಂದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು) ವಾಲುತ್ತದೆ. ಅದು ಕಾಲಿಮೇಷನ್ನಿನಲ್ಲಿ (ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದರಲ್ಲಿ) ಸರಿಹೋಗುತ್ತದೆ, ಆದರೆ ಎಂಟೂ ಒಂದೇ ಉದ್ದ ಇದ್ದರೆ ಪ್ರತಿಸಲ ಜೋಡಿಸುವಾಗ ಯಾವ ಪೋಲ್ ಎಲ್ಲಿ ಅಂತ ನಂಬರ್ ಬರೆದು ನೆನಪಿಟ್ಟುಕೊಳ್ಳುವ ಕಾಟ ತಪ್ಪುತ್ತದೆ.

ಟ್ಯೂಬನ್ನು ಒಂದು ಮಿ.ಮೀ. ಗಿಡ್ಡಕ್ಕೇ ಕತ್ತರಿಸಿ. ಪ್ಲಗ್ಗಿಗೆ 25 ಮಿ.ಮೀ. ವ್ಯಾಸದ ಭುಜ (ಟ್ಯೂಬಿನ ಬಾಯಿಯ ಹೊರಗೆ ನಿಲ್ಲುವ ಅಗಲ ಭಾಗ) ಇರಲಿ, ಆದರೆ ಆ ಭುಜ ಟ್ಯೂಬಿನ ಅಂಚಿಗೆ ಲೋಹವಾಗಿ ತಾಗದೆ ಅರ್ಧ ಮಿ.ಮೀ. ಅಂಟು ಮಧ್ಯೆ ಉಳಿಯಲಿ. ಕತ್ತರಿಸಿದ ಅಂಚಿನಲ್ಲಿ ನಾರುಗಳು ಬರಿದಾಗಿ ತೆರೆದಿರುತ್ತವೆ, ಸೈಕಲ್‌ಚೈನು ಹೇಳಿದ ಕೊರೆತ ಶುರುವಾಗುವುದೇ ಅಲ್ಲಿ. ಆ ಅರ್ಧ ಮಿ.ಮೀ. ಉದ್ದದ ತಪ್ಪನ್ನೂ ಸರಿಮಾಡುತ್ತದೆ, ತುಕ್ಕನ್ನೂ ತಡೆಯುತ್ತದೆ.

ಎರಡು ತುದಿಯಲ್ಲೂ ಬೋಲ್ಟ್ ಹೋಗುವ ಚಪ್ಪಟೆ ಕಿವಿಗಳಿದ್ದು ಅವು ಒಂದೇ ಸಮತಲದಲ್ಲಿ ಇರಬೇಕಾದರೆ ಅದನ್ನೂ ಜಿಗ್‌ನಲ್ಲೇ ಹಿಡಿಯಿರಿ. ಆಮೇಲೆ ತಿರುಗಿಸಲು ಆಗುವುದಿಲ್ಲ.

ಮೂರನೇಮಹಡಿ:
ಪಿನ್ ವಿಷಯಕ್ಕೆ ಯಾರೂ ಬರಲಿಲ್ಲ. ಅಂಟು ಅಂದರೆ ನನಗೆ ನಂಬಿಕೆಯಿಲ್ಲ. ಒಂದು 3 ಮಿ.ಮೀ. ಸ್ಟೀಲ್ ಪಿನ್ ಅಡ್ಡಕ್ಕೆ ಹೋದರೆ ಕೇಜ್ ಬೀಳುವ ಪ್ರಶ್ನೆಯೇ ಇಲ್ಲ.

ರಾಳದಕೈ:
ತೂತು ಹೊಡೆದ ಕೂಡಲೇ ಅಲ್ಲಿಯ ನಾರುಗಳು ತುಂಡಾದವು. 1 ಮಿ.ಮೀ. ಗೋಡೆಯಲ್ಲಿ ಪಿನ್ ಒತ್ತುವ ಜಾಗ ಬಹಳ ಕಡಿಮೆ. ಭಾರ ಬಂದರೆ ತೂತು ಉದ್ದವಾಗುತ್ತದೆ. ಪಾಪ್ ರಿವಿಟ್ ಇನ್ನೂ ಕೆಟ್ಟದ್ದು. ಅದು ಹಿಡಿಯುವುದೇ ಉಬ್ಬಿಕೊಂಡು, ಆ ಉಬ್ಬುವಿಕೆಗೆ ಕಾರ್ಬನ್ ಪದರ ಬಿಟ್ಟುಕೊಳ್ಳುತ್ತದೆ. ತೂತಿನ ಗೋಡೆಯಲ್ಲಿ ಬರಿ ನಾರು ತೆರೆದುಕೊಂಡು ಲೋಹಕ್ಕೆ ತಾಗುತ್ತದೆ, ಮತ್ತೆ ತುಕ್ಕು. ಅಂಟಿನ ಕೀಲು ತಾನಾಗೇ ಒಳ್ಳೆಯದಿತ್ತು, ಪಿನ್ ಹಾಕಿ ಕೆಡಿಸಿದ ಹಾಗೆ.

ಮೂರನೇಮಹಡಿ:
ವಿಮಾನದಲ್ಲಿ ಅಂಟಿನ ಜೊತೆ ರಿವಿಟ್ಟನ್ನೂ ಹಾಕುತ್ತಾರೆ ಸಾರ್. ಅವರೇನು ದಡ್ಡರಾ?

ಮಿರರ್‌ಅಜ್ಜ:
ಅಲ್ಲಿ ಅಂಟಿನ ಕೀಲು ಒಳಗೆ ಸರಿಯಾಗಿ ಹಿಡಿದಿದೆಯೋ ಇಲ್ಲವೋ ಅಂತ ಹೊರಗಿನಿಂದ ಖಾತ್ರಿ ಮಾಡಿಕೊಳ್ಳುವುದು ಕಷ್ಟ, ಜನರ ಪ್ರಾಣ ಬೇರೆ ಇದೆ. ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಇಲ್ಲಿ ಭಾರ 5 ಕೆಜಿ. ಭುಜ ಇರುವ ಪ್ಲಗ್ ಆದ್ದರಿಂದ ಒತ್ತಡದಲ್ಲಿ ಅಂಟು ಪೂರ್ತಿ ಬಿಟ್ಟರೂ ಪ್ಲಗ್ ಟ್ಯೂಬಿನ ಬಾಯಿಯ ಮೇಲೇ ಕೂತಿರುತ್ತದೆ. ಟೆಲಿಸ್ಕೋಪ್ ಮೇಲಕ್ಕೆ ನೋಡುವಾಗ, ಅಂದರೆ ಕೇಜ್ ಸರಿಯಾಗಿ ಕನ್ನಡಿಯ ತಲೆ ಮೇಲೆ ಇರುವಾಗ, ಎಲ್ಲ ಪೋಲ್‌ಗಳೂ ಒತ್ತಡದಲ್ಲೇ ಇರುತ್ತವೆ. ಎಳೆತ ಬರುವುದು ಟೆಲಿಸ್ಕೋಪ್ ಕೆಳಗೆ ವಾಲಿದಾಗ. ಆಗ ಒಂದು ತುದಿ ಬಿಟ್ಟರೆ ಕೇಜ್ ಜೋಲುತ್ತದೆ, ಉಳಿದ ಏಳು ಹಿಡಿದಿರುತ್ತವೆ, ಕನ್ನಡಿ ಮೇಲೆ ಬೀಳುವುದಿಲ್ಲ. ಆದರೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ಅಂಟು ಪೂರ್ತಿ ಒಣಗಿದ ಮೇಲೆ ತೂತು ಕೊರೆದು ಗಾಜಿನ ನಾರಿನ ಸಣ್ಣ ಕಡ್ಡಿಯನ್ನು ಎಪಾಕ್ಸಿ ಹಚ್ಚಿ ಕೂರಿಸಿ. ಲೋಹ ಬೇಡ.

ಮೂರನೇಮಹಡಿ:
ಕಡ್ಡಿ ಒಪ್ಪಿಗೆ. ನಾನಾದರೆ ಹಾಕುತ್ತೇನೆ.

ರಾಳದಕೈ:
ನಾನಾದರೆ ಹಾಕುವುದಿಲ್ಲ. ಮುಂದೆ ಹೋಗೋಣ.

ಡ್ರೋನ್‌ರೆಕ್ಕೆ:
ಕತ್ತರಿಸುವುದರ ಬಗ್ಗೆ ಎರಡು ಮಾತು. ಕಾರ್ಬನ್ ದೂಳು ತಮಾಷೆಯಲ್ಲ. ಎನ್95 ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ. ಕತ್ತರಿಸುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಸುತ್ತಿ, ವಜ್ರದ ಪುಡಿಯ ಡಿಸ್ಕಿನಲ್ಲೋ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲೋ ನೀರು ಚಿಮುಕಿಸುತ್ತಾ ಕತ್ತರಿಸಿ. ಒಂದೇ ಕಡೆಯಿಂದ ಪೂರ್ತಿ ಕೊಯ್ಯಬೇಡಿ, ತಿರುಗಿಸುತ್ತಾ ಹೋಗಿ, ಇಲ್ಲದಿದ್ದರೆ ಕೊನೆಯಲ್ಲಿ ಸಿಬಿರು ಎದ್ದು ಬರುತ್ತದೆ. ಆ ದೂಳಿನಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಲ್ಯಾಪ್‌ಟಾಪ್, ಮೋಟರ್ ಬೋರ್ಡ್ ಇರುವ ಕೋಣೆಯಲ್ಲಿ ಈ ಕೆಲಸ ಬೇಡ. ಪೋಲ್ ಮೇಲೆ ಇಬ್ಬನಿ ಹೀಟರಿನ ತಂತಿ ಸುತ್ತುವವರೂ ಇದನ್ನು ನೆನಪಿಡಿ, ತಂತಿಯ ಹೊದಿಕೆ ಸವೆದರೆ ಟ್ಯೂಬೇ ಶಾರ್ಟ್ ಆಗುತ್ತದೆ.

ಹಾಗೆಯೇ, ಅಂಟು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಸೈಕಲ್ಲಿನ ಕಾರ್ಬನ್ ಸ್ಟೀಯರರ್ ಟ್ಯೂಬಿನ (ಮುಂದಿನ ಫೋರ್ಕಿನಿಂದ ಹ್ಯಾಂಡಲ್ ಕಡೆಗೆ ಏರುವ ಕೊಳವೆ) ಒಳಗೆ ಹಾಕುವ ಹಿಗ್ಗುವ ಪ್ಲಗ್. ಒಳಗಿನ ಬೋಲ್ಟ್ ಬಿಗಿದರೆ ಅಗಲವಾಗಿ ಗೋಡೆ ಹಿಡಿಯುತ್ತದೆ, ಬೇಡವೆಂದರೆ ತೆಗೆಯಬಹುದು.

ಸೈಕಲ್‌ಚೈನು:
ಸ್ಟೀಯರರ್ ಟ್ಯೂಬಿನ ಗೋಡೆ ದಪ್ಪ, 1 ಮಿ.ಮೀ. ಅಲ್ಲ. ಇಲ್ಲಿ ಬಿಗಿದರೆ ಸೀಳೀತು. ಸಡಿಲ ಬಿಟ್ಟರೆ ಅಲುಗುತ್ತದೆ, ಅಲುಗಿದರೆ ಪ್ರತಿಸಲ ಕಾಲಿಮೇಷನ್ ಬೇರೆ. ಟೆಲಿಸ್ಕೋಪಿಗೆ ಅದು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ.

ಲೇತ್‌ಕೋಣೆ:
ನನ್ನದೂ ಅದೇ. ಇದೇ ಕಾರಣಕ್ಕೆ, ಕೆಳಗಿನ ತುದಿಯನ್ನು ಮರದ ಸೀಳು ಬ್ಲಾಕಿನಲ್ಲಿ ಬಿಗಿಯುವವರೂ ಟ್ಯೂಬಿನ ಒಳಗೆ ಆ ಜಾಗದಲ್ಲಿ ಒಂದು ಪ್ಲಗ್ ಅಂಟಿಸಿಕೊಳ್ಳಬೇಕು. ಬರಿ ಟೊಳ್ಳು ಟ್ಯೂಬನ್ನು ಬಿಗಿದರೆ ನುಜ್ಜಾಗುತ್ತದೆ.

ಕತ್ತಲೆಹುಡುಕ:
ಕೊನೆಯ ಎರಡು ಪ್ರಶ್ನೆ. ಕಾರಿನ ಒಳಗೆ ಬಿಸಿಲಲ್ಲಿ ಇಟ್ಟರೆ ಅಂಟು ಮೆತ್ತಗಾಗುತ್ತದಾ? ಮತ್ತೆ, ಸರಿಯಾಗಿ ಹಿಡಿದಿದೆ ಅಂತ ಗೊತ್ತಾಗುವುದು ಹೇಗೆ?

ರಾಳದಕೈ:
ಆಗುತ್ತದೆ. ಕೋಣೆಯ ಬಿಸಿಯಲ್ಲಿ ಒಣಗಿದ ಎಪಾಕ್ಸಿ ಸಾಮಾನ್ಯವಾಗಿ 50, 60 ಡಿಗ್ರಿ ದಾಟುತ್ತಿದ್ದ ಹಾಗೆ ಮೆತ್ತಗಾಗಲು ಶುರು. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನ ಒಳಗೆ ಕಪ್ಪು ಟ್ಯೂಬು ಆ ಬಿಸಿಗೆ ಸುಲಭವಾಗಿ ಹೋಗುತ್ತದೆ. ಚೀಲದಲ್ಲಿ ಸುಮ್ನೆ ಮಲಗಿರುವ ಪೋಲ್‌ಗೆ ಭಾರ ಇಲ್ಲ, ತಣ್ಣಗಾದ ಮೇಲೆ ಮತ್ತೆ ಗಟ್ಟಿ. ಆದರೆ ಮೇಲೆ ಬೇರೆ ಸಾಮಾನು ಹೇರಿದ್ದರೆ ಪ್ಲಗ್ ಓರೆಯಾಗಿ ಕೂತುಬಿಡಬಹುದು. ಒಂದು ದಿನ ಗಟ್ಟಿಯಾದ ಮೇಲೆ, ಜಿಗ್‌ನಲ್ಲಿ ಇರುವಾಗಲೇ, ತುದಿಗೆ ಬಿಸಿಗಾಳಿ ಕೊಟ್ಟೋ ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿಯೋ 50, 60 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಎಪಾಕ್ಸಿ ಪೂರ್ತಿ ಹದಕ್ಕೆ ಬಂದು ಬಿಸಿ ತಡೆಯುವ ಮಿತಿ ಮೇಲಕ್ಕೆ ಹೋಗುತ್ತದೆ. ಥರ್ಮಾಮೀಟರ್ ಇಟ್ಟು ನೋಡಿಕೊಂಡೇ ಮಾಡಿ.

ಪರೀಕ್ಷೆಗೆ ಟ್ಯೂಬಿನ ಉಳಿದ ತುಂಡಿಗೆ ಒಂದು ಪ್ಲಗ್ ಜಾಸ್ತಿ ಮಾಡಿಸಿ ಅದೇ ದಿನ, ಅದೇ ಅಂಟಿನಲ್ಲಿ ಕೂರಿಸಿ. ಒಣಗಿದ ಮೇಲೆ ಟ್ಯೂಬನ್ನು ಉದ್ದಕ್ಕೆ ಸೀಳಿ ಪ್ಲಗ್ಗನ್ನು ಬಲವಂತವಾಗಿ ಕೀಳಿ. ಕಾರ್ಬನ್ ನಾರೇ ಕಿತ್ತು ಬಂದರೆ, ಇಲ್ಲವೇ ಎರಡೂ ಕಡೆ ಅಂಟು ಉಳಿದಿದ್ದರೆ ಗೆದ್ದಿರಿ. ಲೋಹ ಹೊಳೆಯುತ್ತಾ ಸ್ವಚ್ಛವಾಗಿ ಬಂದರೆ ಮೇಲ್ಮೈ ಸರಿಯಾಗಿ ತಯಾರಾಗಿಲ್ಲ, ಉಳಿದ ಹದಿನಾರು ತುದಿಯನ್ನೂ ನಂಬಬೇಡಿ. ಒಳಗೆ ಗುಳ್ಳೆ, ಸುರಂಗ ಇದ್ದರೆ ಅದೂ ಆಗ ಕಣ್ಣಿಗೆ ಬೀಳುತ್ತದೆ.

ಮಿರರ್‌ಅಜ್ಜ:
ಅಸಲಿ ಪೋಲ್‌ಗಳನ್ನೂ ಬಿಡಬೇಡಿ. ಒಂದೊಂದನ್ನೂ ಬೋಲ್ಟಿನಿಂದ ನೇತು ಹಾಕಿ ಕೆಳಗೆ 25 ಕೆಜಿ ಕಟ್ಟಿ ಒಂದು ರಾತ್ರಿ ಬಿಡಿ. ಕೆಲಸದ ಭಾರದ ಐದು ಪಟ್ಟು. ಕಾಲು ಕೆಳಗೆ ಇಡಬೇಡಿ ಮಾತ್ರ.

ಕತ್ತಲೆಹುಡುಕ:
ಡ್ರಾಯಿಂಗ್ ಬದಲಾಯಿಸಿದೆ. 22.7 ವ್ಯಾಸ, 30 ಉದ್ದ, ಒಳಗೆ ಬಟ್ಟಲು, 25ರ ಭುಜ, ಪಕ್ಕದಲ್ಲಿ 2 ಮಿ.ಮೀ. ಗಾಳಿ ತೂತು. ಹದಿನಾರರ ಬದಲು ಹದಿನೆಂಟು ಮಾಡಿಸುತ್ತೇನೆ, ಎರಡು ಕೀಳಲಿಕ್ಕೆ. ಪಿನ್ ಸದ್ಯಕ್ಕೆ ಬೇಡ, ಪರೀಕ್ಷೆಯ ತುಂಡು ಏನು ಹೇಳುತ್ತದೋ ನೋಡೋಣ. ಎಂ6 ಬೋಲ್ಟ್ ಸ್ಟೇನ್‌ಲೆಸ್ ಇದ್ದರೆ ಅಲ್ಯುಮಿನಿಯಂ ಥ್ರೆಡ್ಡಿಗೆ ತೊಂದರೆ ಇಲ್ಲವಾ?

ಲೇತ್‌ಕೋಣೆ:
ಗ್ರೀಸ್ ಹಚ್ಚಿ ಹಾಕಿ, ಇಲ್ಲದಿದ್ದರೆ ಒಂದು ದಿನ ಕಚ್ಚಿಕೊಳ್ಳುತ್ತದೆ. ಪ್ರತಿಸಲ ಬಿಚ್ಚಿ ಹಾಕುವ ತುದಿಯಾದರೆ ಅಲ್ಯುಮಿನಿಯಂ ಥ್ರೆಡ್ ಸವೆಯುತ್ತದೆ, ಅಲ್ಲಿ ಸ್ಟೀಲ್ ತಂತಿಯ ಥ್ರೆಡ್ ಇನ್ಸರ್ಟ್ ಹಾಕಿಸಿ. ಗ್ರೀಸ್ ಮಾತ್ರ ಅಂಟಿನ ಕೆಲಸವೆಲ್ಲ ಮುಗಿದ ಮೇಲೆ ಟೇಬಲ್ಲಿಗೆ ತನ್ನಿ, ಅದಕ್ಕೂ ಮೊದಲು ಆ ಡಬ್ಬಿ ಬೇರೆ ಕೋಣೆಯಲ್ಲಿ ಇರಲಿ.